ಜರ್ಮನಿಯಲ್ಲಿ ಪೋಸ್ಟ್‌ಡಾಕ್ ಮುಗಿಸಿ ಕರ್ನಾಟಕಕ್ಕೆ ಮರಳುವ ಯೋಚನೆ: ಮರಳಿ ಬಂದ ಅಧ್ಯಾಪಕರ ಅನುಭವ ತಿಳಿಯಬೇಕಿದೆ

ಪ್ರಶ್ನೆ – ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯವಳು. ಬೆಂಗಳೂರಿನಲ್ಲಿ ಎಂ.ಎಸ್ಸಿ. ಮುಗಿಸಿ, ಜರ್ಮನಿಯಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಈಗ ಅದೇ ದೇಶದ ಇನ್ನೊಂದು ಸಂಸ್ಥೆಯಲ್ಲಿ ಪೋಸ್ಟ್‌ಡಾಕ್ (ಡಾಕ್ಟರೇಟ್ ನಂತರದ ತಾತ್ಕಾಲಿಕ ಸಂಶೋಧಕಿ) ಆಗಿ ಕೆಲಸ ಮಾಡುತ್ತಿದ್ದೇನೆ. ಸೋಡಿಯಂ-ಅಯಾನ್ ಬ್ಯಾಟರಿಗಳಿಗೆ ಬೇಕಾದ ಕ್ಯಾಥೋಡ್ ವಸ್ತುಗಳು ನನ್ನ ಸಂಶೋಧನೆಯ ವಿಷಯ.

ಇಲ್ಲಿನ ಕಾನೂನು ಗೊತ್ತಿಲ್ಲದವರಿಗಾಗಿ ಒಂದು ಮಾತು. ಜರ್ಮನಿಯಲ್ಲಿ ವಿಶ್ವವಿದ್ಯಾಲಯಗಳು ಸಂಶೋಧಕರನ್ನು ತಾತ್ಕಾಲಿಕ ಒಪ್ಪಂದದ ಮೇಲೆ ಡಾಕ್ಟರೇಟ್‌ಗೆ ಮುಂಚೆ ಆರು ವರ್ಷ, ಆಮೇಲೆ ಆರು ವರ್ಷ ಇಟ್ಟುಕೊಳ್ಳಬಹುದು. ಮಗುವಿದ್ದರೆ ಎರಡು ವರ್ಷ ಹೆಚ್ಚುವರಿ ಸಿಗುತ್ತದೆ. ಹೊರಗಿನ ಅನುದಾನದ ಯೋಜನೆಗಳಿಗೆ ಸ್ವಲ್ಪ ಸಡಿಲಿಕೆ ಉಂಟು. ಅಷ್ಟರೊಳಗೆ ಪ್ರೊಫೆಸರ್ ಹುದ್ದೆಯೋ ಬೇರೆ ಕಾಯಂ ಹುದ್ದೆಯೋ ದೊರೆಯದಿದ್ದರೆ ವಿಶ್ವವಿದ್ಯಾಲಯದ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ. 2021ರಲ್ಲಿ ‘ಇಷ್ ಬಿನ್ ಹನ್ನಾ’ (‘ನಾನು ಹನ್ನಾ’; ಹನ್ನಾ ಸರ್ಕಾರಿ ವಿಡಿಯೊವೊಂದರ ಕಾಲ್ಪನಿಕ ಸಂಶೋಧಕಿ) ಎಂಬ ಹ್ಯಾಶ್‌ಟ್ಯಾಗ್‌ನಡಿ ಸಾವಿರಾರು ಸಂಶೋಧಕರು ತಮ್ಮ ಅನಿಶ್ಚಿತ ಬದುಕನ್ನು ಬರೆದುಕೊಂಡದ್ದು ಈ ಕಾರಣಕ್ಕೇ. ನಾನೂ ಅದೇ ಸಾಲಿನಲ್ಲಿ ನಿಂತಿದ್ದೇನೆ.

ಊರಿನಲ್ಲಿ ಅಪ್ಪ ಅಮ್ಮನಿಗೆ ವಯಸ್ಸಾಗಿದೆ. ಮಗಳು ಮುಂದಿನ ವರ್ಷ ಒಂದನೇ ತರಗತಿಗೆ ಸೇರಬೇಕು. ನನ್ನ ಯಜಮಾನರು ಸಾಫ್ಟ್‌ವೇರ್‌ನಲ್ಲಿದ್ದು, ಬೆಂಗಳೂರಿನಲ್ಲಾದರೆ ಅವರ ಕೆಲಸಕ್ಕೆ ತೊಂದರೆಯಿಲ್ಲ. ಹೀಗಾಗಿ ಮನೆಯ ಕಡೆಯ ಲೆಕ್ಕವೆಲ್ಲ ಮರಳುವುದರ ಪರವಾಗಿಯೇ ಇದೆ. ವೃತ್ತಿಯ ಲೆಕ್ಕ ಮಾತ್ರ ಬಗೆಹರಿಯುತ್ತಿಲ್ಲ. ಸರ್ಕಾರದ ಫೆಲೋಶಿಪ್ (ನಿಗದಿತ ಅವಧಿಯ ಸಂಶೋಧನಾ ವೇತನ) ಹಿಡಿದು ಬಂದವರಿಗೆ ಕೊನೆಗೆ ಕಾಯಂ ಹುದ್ದೆ ಸಿಕ್ಕಿತೇ? ಹೊರಗೆ ಕಳೆದ ವರ್ಷಗಳನ್ನು ಸೇವೆಯಾಗಿ ಪರಿಗಣಿಸುತ್ತಾರೆಯೇ? ಪ್ರಯೋಗಾಲಯ ಕಟ್ಟಿಕೊಳ್ಳಲು ಎಷ್ಟು ಕಾಲ ಹಿಡಿಯಿತು? ‘ಬನ್ನಿ, ಎಲ್ಲ ಸರಿಹೋಗುತ್ತದೆ’ ಎಂಬ ಸಮಾಧಾನದ ಮಾತನ್ನು ಬಂಧುಗಳಿಂದ ಸಾಕಷ್ಟು ಕೇಳಿದ್ದೇನೆ. ನಡೆದದ್ದನ್ನು ನಡೆದ ಹಾಗೆ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ – ಬಯಲುಸೀಮೆ

ನಾನು ಬ್ರಿಟನ್ನಿನಲ್ಲಿ ಪೋಸ್ಟ್‌ಡಾಕ್ ಮುಗಿಸಿ ಬಂದು, ಈಗ ಕೇಂದ್ರ ಸರ್ಕಾರದ ಅನುದಾನದ ಸಂಸ್ಥೆಯೊಂದರಲ್ಲಿ ಸಹಾಯಕ ಪ್ರಾಧ್ಯಾಪಕನಾಗಿದ್ದೇನೆ. ನಿಮ್ಮಂತೆಯೇ ಪ್ರಯೋಗ ನಂಬಿ ಬದುಕುವವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಫೆಲೋಶಿಪ್ ವಿಚಾರ. ಹೊರದೇಶದಿಂದ ಮರಳುವ ವಿಜ್ಞಾನಿಗಳಿಗೆ ಕೇಂದ್ರ ಸರ್ಕಾರ ಕೊಡುವ ರಾಮಾನುಜನ್ ಫೆಲೋಶಿಪ್ ಐದು ವರ್ಷದ್ದು. ನಾನು ಪಡೆದಾಗ ತಿಂಗಳಿಗೆ 1,35,000 ರೂಪಾಯಿ ಮತ್ತು ವರ್ಷಕ್ಕೆ 7 ಲಕ್ಷ ರೂಪಾಯಿ ಸಂಶೋಧನಾ ಅನುದಾನವಿತ್ತು. ಯುವ ಸಂಶೋಧಕರಿಗೆಂದೇ ಇರುವ ಕೇಂದ್ರದ ಇನ್‌ಸ್ಪೈರ್ ಫ್ಯಾಕಲ್ಟಿ ಯೋಜನೆಯಲ್ಲಿ ತಿಂಗಳಿಗೆ 1,25,000 ರೂಪಾಯಿ, ಅನುದಾನ ರಾಮಾನುಜನ್‌ನಷ್ಟೇ. ಆದರೆ ಸಾಮಾನ್ಯ ವರ್ಗದವರಿಗೆ ವಯೋಮಿತಿ 32 ಆದ್ದರಿಂದ ಎರಡು ಪೋಸ್ಟ್‌ಡಾಕ್ ಮಾಡಿದವರಿಗೆ ಅದು ಹೆಚ್ಚಾಗಿ ಕೈಗೆಟುಕುವುದಿಲ್ಲ. ಜೀವವಿಜ್ಞಾನದವರಾಗಿದ್ದರೆ ರಾಮಲಿಂಗಸ್ವಾಮಿ ಫೆಲೋಶಿಪ್ ಎಂಬ ಇನ್ನೊಂದು ಬಾಗಿಲೂ ಇರುತ್ತಿತ್ತು. ತಿಂಗಳ ಮೊತ್ತ ಸಂಸಾರಕ್ಕೆ ಸಾಲುತ್ತದೆ. ಅನುದಾನ ಪ್ರಯೋಗಾಲಯಕ್ಕೆ ಸಾಲುವುದಿಲ್ಲ. ಸೋಡಿಯಂ ಮುಟ್ಟುವವರಿಗೆ ಗ್ಲೋವ್‌ಬಾಕ್ಸ್ (ಗಾಳಿ, ತೇವ ತಗುಲದಂತೆ ಮುಚ್ಚಿದ, ಕೈಗವಸು ಜೋಡಿಸಿದ ಪೆಟ್ಟಿಗೆ) ಇಲ್ಲದೆ ನಡೆಯುವುದಿಲ್ಲ, ಒಳ್ಳೆಯ ಗ್ಲೋವ್‌ಬಾಕ್ಸ್ ಒಂದಕ್ಕೇ ಈ ಅನುದಾನದ ಹಲವು ವರ್ಷಗಳ ಹಣ ಬೇಕು.

ಹಣಕ್ಕಿಂತ ದೊಡ್ಡ ತೊಡಕು ಹುದ್ದೆಯ ಸ್ವರೂಪದ್ದು. ಫೆಲೋಶಿಪ್ ಕೊಡುವುದು ದೆಹಲಿಯ ಸಂಸ್ಥೆ, ಇರಿಸಿಕೊಳ್ಳುವುದು ಇಲ್ಲಿನ ಸಂಸ್ಥೆ. ಐದು ವರ್ಷವಾದ ಮೇಲೆ ನಿಮ್ಮನ್ನು ಕಾಯಂ ಮಾಡಿಕೊಳ್ಳುವ ಹೊಣೆ ಇಬ್ಬರ ಮೇಲೂ ಇರುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯು.ಜಿ.ಸಿ.) 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ವಿಶ್ವವಿದ್ಯಾಲಯಗಳಲ್ಲಿ ಮಾರ್ಗದರ್ಶಕರಾಗಲು ಕಾಯಂ ಅಧ್ಯಾಪಕರಾಗಿರಬೇಕು. ಐ.ಐ.ಟಿ.ಯಂಥ ಸಂಸ್ಥೆಗಳು ತಮ್ಮದೇ ನಿಯಮ ಮಾಡಿಕೊಳ್ಳುತ್ತವೆ. ಕೆಲವು ಕಡೆ ಫೆಲೋಗಳಿಗೂ ವಿದ್ಯಾರ್ಥಿಗಳನ್ನು ಕೊಡುತ್ತಾರೆ, ಕೆಲವು ಕಡೆ ಹಿರಿಯ ಅಧ್ಯಾಪಕರೊಬ್ಬರ ಹೆಸರಿನ ಪಕ್ಕದಲ್ಲಿ ಸಹ-ಮಾರ್ಗದರ್ಶಕರಾಗಿ ಮಾತ್ರ ಇರಿಸುತ್ತಾರೆ. ವಿದ್ಯಾರ್ಥಿಗಳಿಲ್ಲದ ಪ್ರಾಯೋಗಿಕ ವಿಜ್ಞಾನಿ ಎರಡು ವರ್ಷ ತಾನೊಬ್ಬನೇ ಕೆಲಸ ಮಾಡಿಕೊಂಡು ಹೋಗಬಹುದು. ಮೂರನೆಯ ವರ್ಷಕ್ಕೆ ಪ್ರಕಟಣೆಗಳಲ್ಲಿ ಅಂತರ ಕಾಣಿಸುತ್ತದೆ, ನಾಲ್ಕನೆಯ ವರ್ಷ ಸಂದರ್ಶನಕ್ಕೆ ಹೋದಾಗ ಅದೇ ಅಂತರದ ಬಗ್ಗೆ ಪ್ರಶ್ನೆ ಬರುತ್ತದೆ. ನನಗೆ ಗೊತ್ತಿರುವ ಇಬ್ಬರು ಸಮರ್ಥ ಸಂಶೋಧಕರು ಹೀಗೆಯೇ ಕೈಗಾರಿಕೆಯ ಕಡೆಗೆ ಹೊರಟುಹೋದರು.

ಇನ್ನು ಖರೀದಿ. ನನ್ನ ಗ್ಲೋವ್‌ಬಾಕ್ಸ್‌ನ ಕಡತ ಬೇಡಿಕೆ ಪತ್ರದಿಂದ ಆರಂಭವಾಗಿ ಸರ್ಕಾರಿ ಖರೀದಿಯ ಜಾಲತಾಣವಾದ ಜೆಮ್ ಪೋರ್ಟಲ್‌ನಲ್ಲಿ ದೊರೆಯುವುದಿಲ್ಲವೆಂಬ ದೃಢೀಕರಣ, ಟೆಂಡರ್, ತಾಂತ್ರಿಕ ಹೋಲಿಕೆಯ ಪಟ್ಟಿ, ಖರೀದಿ ಸಮಿತಿ, ಲೆಕ್ಕಪತ್ರ ವಿಭಾಗ ಎಂದು ಮೇಜಿನಿಂದ ಮೇಜಿಗೆ ಸಾಗಿ ಒಂದು ವರ್ಷಕ್ಕೂ ಮೀರಿ ಸಮಯ ತೆಗೆದುಕೊಂಡಿತು. ಪೆಟ್ಟಿಗೆ ಬಂದಿಳಿದ ದಿನ ಕೊಠಡಿಗೆ ಆರ್ಗಾನ್ ಕೊಳವೆಯೂ ಬಂದಿರಲಿಲ್ಲ, ತ್ರೀ-ಫೇಸ್ ವಿದ್ಯುತ್ ಸಂಪರ್ಕವೂ ಇರಲಿಲ್ಲ; ಅವೆರಡೂ ಬೇರೆ ಬೇರೆ ವಿಭಾಗಗಳ ಕಡತಗಳಾಗಿದ್ದವು. ಒಳಗಿನ ಆಮ್ಲಜನಕ ಹತ್ತು ಲಕ್ಷಕ್ಕೆ ಒಂದು ಭಾಗಕ್ಕಿಂತ ಕೆಳಗೆ ಇಳಿದು ನಿಲ್ಲುವ ತನಕ ಮಾದರಿಗಳನ್ನು ಬೇರೊಬ್ಬರ ಪ್ರಯೋಗಾಲಯದಲ್ಲಿ ತಯಾರಿಸಿಕೊಂಡೆ. ಇದರ ಮೇಲೆ ತೆರಿಗೆಯ ಹೊರೆ ಬೇರೆ: ಸಂಶೋಧನಾ ಉಪಕರಣಗಳ ಮೇಲೆ ಇದ್ದ ಶೇಕಡಾ 5ರ ರಿಯಾಯಿತಿ ಜಿ.ಎಸ್.ಟಿ. 2022ರ ಜುಲೈನಲ್ಲಿ ರದ್ದಾಗಿ, ಹೆಚ್ಚಿನ ಉಪಕರಣಗಳಿಗೆ ಶೇಕಡಾ 18 ಆಯಿತು. ಹಳೆಯ ದರ ನಂಬಿ ಬಜೆಟ್ ಹಾಕಿದ್ದವರೆಲ್ಲ ಏನನ್ನಾದರೂ ಕೈಬಿಡಲೇಬೇಕಾಯಿತು.

ಒಳ್ಳೆಯ ಬದಲಾವಣೆಯನ್ನೂ ಹೇಳಬೇಕು. 2025ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ವೈಜ್ಞಾನಿಕ ಸಂಸ್ಥೆಗಳಿಗೆ ನಿಯಮ ಸಡಿಲಿಸಿತು. ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ, ಖರೀದಿ ಸಮಿತಿಯ ಮೂಲಕ ಕೊಳ್ಳುವ ಮಿತಿ 10 ಲಕ್ಷದಿಂದ 25 ಲಕ್ಷಕ್ಕೆ ಏರಿತು. ಜೆಮ್ ಹೊರಗಿನಿಂದ ಕೊಳ್ಳಲು ಸಂಸ್ಥೆಯ ಮುಖ್ಯಸ್ಥರೇ ಅನುಮತಿ ಕೊಡಬಹುದು. ಈಗ ಬರುವವರು ನಮ್ಮಷ್ಟು ಕಾಯಬೇಕಾಗಿಲ್ಲ. ಮಾರ್ಚ್ 31ರ ಗಡಿ ಮಾತ್ರ ಹಾಗೆಯೇ ಇದೆ: ಶೂನ್ಯ ಶಿಲ್ಕಿನ (ಜೀರೊ ಬ್ಯಾಲೆನ್ಸ್) ಅನುದಾನ ಖಾತೆಯಲ್ಲಿ ಆ ದಿನ ಉಳಿದದ್ದು ಹಿಂದಕ್ಕೆ ಹೋಗುತ್ತದೆ, ಹೊಸ ವರ್ಷದ ಕಂತು ಯಾವ ತಿಂಗಳಲ್ಲಿ ಬಂದೀತೆಂದು ಯಾರೂ ಖಚಿತವಾಗಿ ಹೇಳುವುದಿಲ್ಲ. ಆ ನಡುವೆ ಪ್ರಾಜೆಕ್ಟ್ ಸಹಾಯಕರ ಸಂಬಳ ಹೇಗೆ ಕೊಡುವುದೆಂಬ ಚಿಂತೆ ಪ್ರತಿ ಬೇಸಿಗೆಯಲ್ಲಿಯೂ ಇರುತ್ತದೆ.

ಇಷ್ಟಾದರೂ ಮರಳಿದ್ದಕ್ಕೆ ನನಗೆ ಸಮಾಧಾನವಿದೆ. ಯಾರ ಯೋಜನೆಯಲ್ಲಿಯೂ ಅಧೀನನಾಗಿರದೆ ನನ್ನದೇ ಪ್ರಶ್ನೆಯ ಹಿಂದೆ ಹತ್ತು ವರ್ಷ ಹೋಗಬಹುದೆಂಬ ಭರವಸೆ ಅಲ್ಲಿ ಸಿಗುತ್ತಿರಲಿಲ್ಲ. ಐ.ಐ.ಟಿ.ಗಳಲ್ಲಿ ಸಹಾಯಕ ಪ್ರಾಧ್ಯಾಪಕ ಗ್ರೇಡ್ ಒಂದರ ಮೂಲವೇತನ ಏಳನೇ ವೇತನ ಆಯೋಗದಂತೆ 1,01,500 ರೂಪಾಯಿಯಿಂದ ಆರಂಭವಾಗುತ್ತದೆ, ಅದಕ್ಕೆ ಪಿಎಚ್.ಡಿ. ನಂತರ ಮೂರು ವರ್ಷದ ಅನುಭವ ಬೇಕು, ಪೋಸ್ಟ್‌ಡಾಕ್ ಅವಧಿಯನ್ನು ಅಲ್ಲಿ ಅನುಭವವೆಂದು ಪರಿಗಣಿಸುತ್ತಾರೆ. ನೀವು ಗುರಿಯಿಡಬೇಕಾದದ್ದು ಅಲ್ಲಿಗೆ.

ಉತ್ತರ – ಭೀಮೆಯ ದಡ

ಬಯಲುಸೀಮೆಯವರು ಬರೆದದ್ದೆಲ್ಲ ನಿಜ, ಆದರೆ ಅದು ಕೇಂದ್ರ ಸಂಸ್ಥೆಗಳ ಲೋಕದ ಚಿತ್ರ. ಕರ್ನಾಟಕದ ಬಹುಪಾಲು ವಿಜ್ಞಾನ ವಿದ್ಯಾರ್ಥಿಗಳು ಕಲಿಯುವುದು ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮತ್ತು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ. ನಾನು ಅಮೆರಿಕದಿಂದ ಮರಳಿ ಕಲ್ಯಾಣ ಕರ್ನಾಟಕದ ವಿಶ್ವವಿದ್ಯಾಲಯವೊಂದನ್ನು ಸೇರಿದವನು. ಆ ಕಡೆಯ ಮಾತನ್ನೂ ನೀವು ಕೇಳಬೇಕು.

ನೇಮಕಾತಿಯ ದಾರಿ ಇಲ್ಲಿ ಬೇರೆಯೇ. ಅಧಿಸೂಚನೆ ಎಂದು ಹೊರಬೀಳುತ್ತದೆಂದು ಹೇಳಲಾಗದು. ಹೊರಬಿದ್ದರೂ ರೋಸ್ಟರ್‌ನಲ್ಲಿ (ಮೀಸಲಾತಿಯ ಸರದಿ ಪಟ್ಟಿಯಲ್ಲಿ) ನಿಮ್ಮ ವರ್ಗಕ್ಕೆ, ನಿಮ್ಮ ವಿಷಯಕ್ಕೆ ಹುದ್ದೆ ಇರಬೇಕು. ಈ ಭಾಗದಲ್ಲಿ 371(ಜೆ) ವಿಧಿಯ ಸ್ಥಳೀಯ ಮೀಸಲಾತಿಯೂ ಅನ್ವಯಿಸುತ್ತದೆ, ಅದು ನ್ಯಾಯವಾದದ್ದೇ. ಪ್ರಥಮ ದರ್ಜೆ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2021ರಲ್ಲಿ ಅರ್ಜಿ ಕರೆದಾಗ ಆಯ್ಕೆ ನಡೆದದ್ದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ. ಹೊರದೇಶದ ಪ್ರಕಟಣೆಗಳ ಪಟ್ಟಿ ಅಲ್ಲಿ ನೆರವಿಗೆ ಬರುವುದಿಲ್ಲ. ಹುದ್ದೆಗಳು ಖಾಲಿಯಿದ್ದಷ್ಟು ಕಾಲ ತರಗತಿಗಳನ್ನು ಹೊತ್ತು ನಡೆಸುವವರು ಅತಿಥಿ ಉಪನ್ಯಾಸಕರು. ಹೊರಗಿನಿಂದ ಬಂದವರು ಮೊದಲು ಅರಿಯಬೇಕಾದದ್ದು ಅವರ ಸ್ಥಿತಿಯನ್ನು. ನನ್ನ ವಿಭಾಗದಲ್ಲಿ ನನಗಿಂತ ಚೆನ್ನಾಗಿ ಪಾಠ ಮಾಡುವ ಅತಿಥಿ ಉಪನ್ಯಾಸಕರೊಬ್ಬರು ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿಕೊಳ್ಳಬೇಕು.

ಸೇವೆಯ ಲೆಕ್ಕದ ಬಗ್ಗೆ ಕೇಳಿದ್ದೀರಿ. ಯು.ಜಿ.ಸಿ.ಯ 2018ರ ನಿಯಮಾವಳಿ ಹೊರದೇಶದಲ್ಲಿ ಸಹಾಯಕ ಪ್ರಾಧ್ಯಾಪಕ ಅಥವಾ ತತ್ಸಮಾನ ಹುದ್ದೆಯಲ್ಲಿ ಸಲ್ಲಿಸಿದ ಕ್ರಮಬದ್ಧ ಸೇವೆಯನ್ನು ಪರಿಗಣಿಸಲು ಅವಕಾಶ ಕೊಡುತ್ತದೆ. ಪೋಸ್ಟ್‌ಡಾಕ್ ಅವಧಿಯನ್ನು ಹಾಗೆಂದು ಒಪ್ಪಿಸುವುದು ಕಷ್ಟ. ನನ್ನ ವಿಷಯದಲ್ಲಿ ಅದನ್ನು ಒಪ್ಪಲಿಲ್ಲ. ವಯಸ್ಸಿನಲ್ಲಿ ಚಿಕ್ಕವರಾದರೂ ಸೇವೆಯಲ್ಲಿ ಹಿರಿಯರಾದವರ ಕೆಳಗೆ ನನ್ನ ಹೆಸರು ನಿಂತಿತು. ಪಿಂಚಣಿಯ ಬಗ್ಗೆ ಭ್ರಮೆ ಬೇಡ: 2006ರ ಏಪ್ರಿಲ್ ನಂತರ ರಾಜ್ಯ ಸೇವೆಗೆ ಸೇರಿದವರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯೇ ಅನ್ವಯಿಸುತ್ತದೆ, ತಡವಾಗಿ ಸೇರಿದಷ್ಟೂ ಅದರಲ್ಲಿ ಕೂಡುವ ಮೊತ್ತ ಕಡಿಮೆ. ಹೊರದೇಶದ ಪದವಿ ಇಲ್ಲಿನ ಪದವಿಗೆ ಸಮವೆಂಬ ಸಮಾನತಾ ಪ್ರಮಾಣಪತ್ರವೂ ಬೇಕಾಗುತ್ತದೆ. ಹಿಂದೆ ಅದನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಕೊಡುತ್ತಿತ್ತು. 2025ರ ಏಪ್ರಿಲ್‌ನ ನಿಯಮಾವಳಿಯ ಮೂಲಕ ಯು.ಜಿ.ಸಿ. ಆ ಕೆಲಸವನ್ನು ತಾನೇ ವಹಿಸಿಕೊಂಡಿದೆ. ಪ್ರಬಂಧ ಸಲ್ಲಿಕೆಯ ದಿನಾಂಕ, ಪ್ರವೇಶದ ದಿನಾಂಕ, ಅಂಕಪಟ್ಟಿ ಇವುಗಳ ಮುದ್ರೆಯೊತ್ತಿದ ಪ್ರತಿಗಳನ್ನು ಜರ್ಮನಿಯಲ್ಲಿರುವಾಗಲೇ ತೆಗೆದಿಟ್ಟುಕೊಳ್ಳಿ. ಊರಿಗೆ ಬಂದ ಮೇಲೆ ಅಲ್ಲಿನ ಕಚೇರಿಯಿಂದ ಒಂದು ಕಾಗದ ತರಿಸುವುದು ಬಹಳ ಪ್ರಯಾಸದ ಕೆಲಸ.

ಹಾಗಾದರೆ ನಾನೇಕೆ ಇಲ್ಲಿ ಉಳಿದೆ ಎಂದು ಕೇಳಬಹುದು. ನನ್ನ ಎಂ.ಎಸ್ಸಿ. ತರಗತಿಯಲ್ಲಿ ಕೂರುವವರಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬಂದವರು, ಪದವಿಯ ತನಕ ಪ್ರಯೋಗವನ್ನು ಕಪ್ಪು ಹಲಗೆಯ ಮೇಲೆಯೇ ನೋಡಿದವರು. ಪಠ್ಯ ಇಂಗ್ಲಿಷಿನಲ್ಲಿದ್ದರೂ ಉಷ್ಣಬಲವಿಜ್ಞಾನದ ಎರಡನೇ ನಿಯಮವನ್ನು ಕನ್ನಡದಲ್ಲಿ ಒಮ್ಮೆ ಬಿಡಿಸಿ ಹೇಳಿದರೆ, ಅದುವರೆಗೆ ಬಾಯಿ ತೆರೆಯದಿದ್ದ ಹುಡುಗಿ ಎದ್ದು ನಿಂತು, ಎಂಟ್ರೊಪಿ (ಅವ್ಯವಸ್ಥೆಯ ಅಳತೆ) ಹೆಚ್ಚಲೇಬೇಕೆಂದರೆ ನೀರು ಹೆಪ್ಪುಗಟ್ಟುವುದು ಹೇಗೆ ಎಂದು ಕೇಳುತ್ತಾಳೆ. ಅದು ಒಳ್ಳೆಯ ಪ್ರಶ್ನೆ. ಅದನ್ನು ಕೇಳಿದವಳು ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐ.ಐ.ಎಸ್ಸಿ.) ಸಂಶೋಧನೆ ಮಾಡುತ್ತಿದ್ದಾಳೆ. ನಮ್ಮಲ್ಲಿ ಉಪಕರಣಗಳು ಕಡಿಮೆ, ವಿದ್ಯುತ್ ಹೋದರೆ ಅರ್ಧ ದಿನದ ಕೆಲಸ ನಿಲ್ಲುತ್ತದೆ. ಮಾದರಿಗಳನ್ನು ಬೆಂಗಳೂರಿಗೆ ಕಳುಹಿಸಿ ಅಳತೆ ಮಾಡಿಸಿಕೊಳ್ಳುತ್ತೇನೆ, ನನ್ನ ಸಂಶೋಧನೆಯ ಪ್ರಶ್ನೆಗಳನ್ನೇ ಅದಕ್ಕೆ ಹೊಂದುವಂತೆ ಬದಲಿಸಿಕೊಂಡಿದ್ದೇನೆ. ಗ್ಲೋವ್‌ಬಾಕ್ಸ್ ಇಲ್ಲದೆ ನಡೆಯದ ಕೆಲಸವಾದರೆ ನಿಮಗೆ ನಮ್ಮಂಥ ಕಡೆ ಬರಲು ಹೇಳಲಾರೆ. ಆದರೆ ಮರಳುವವರೆಲ್ಲ ನಾಲ್ಕೈದು ದೊಡ್ಡ ಸಂಸ್ಥೆಗಳ ಬಾಗಿಲಲ್ಲಿಯೇ ನಿಂತರೆ ಈ ಮಕ್ಕಳಿಗೆ ಕಲಿಸುವವರು ಯಾರು ಎಂಬ ನೋವು ನನಗಿದೆ.

ಉತ್ತರ – ನೇತ್ರಾವತಿ

ನಾನು ಸಮಾಜಶಾಸ್ತ್ರದವಳು, ಬ್ರಿಟನ್ನಿನಿಂದ ಮರಳಿ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿದ್ದೇನೆ. ಪ್ರಯೋಗಾಲಯದ ಕಷ್ಟ ನಮಗಿಲ್ಲ, ಸಮಯದ ಕಷ್ಟ ಇದೆ. ಯು.ಜಿ.ಸಿ. ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಯ ನೇರ ಬೋಧನೆ. ಅದರ ಮೇಲೆ ಪ್ರವೇಶಾತಿ, ಮಾನ್ಯತೆಯ ಕಡತ, ಮೌಲ್ಯಮಾಪನ. ಕ್ಷೇತ್ರಕಾರ್ಯಕ್ಕೆ ರಜೆಯಲ್ಲಿ ಮಾತ್ರ ಹೋಗಲು ಸಾಧ್ಯ. ಸಂಬಳ ಸಕಾಲಕ್ಕೆ ಬರುತ್ತದೆ, ನೇಮಕಾತಿ ಮೂರು ತಿಂಗಳೊಳಗೆ ಮುಗಿಯಿತು. ಈ ಎರಡು ಅನುಕೂಲಗಳನ್ನು ಕಡಿಮೆ ಎನ್ನಲಾರೆ.

ಪಿಎಚ್.ಡಿ. ಕೊಟ್ಟ ವಿಶ್ವವಿದ್ಯಾಲಯ ಕ್ಯು.ಎಸ್., ಟೈಮ್ಸ್ ಅಥವಾ ಶಾಂಘೈ ವಿಶ್ವ ಶ್ರೇಯಾಂಕ ಪಟ್ಟಿಯ ಮೊದಲ 500ರೊಳಗೆ ಯಾವತ್ತಾದರೂ ಇದ್ದಿದ್ದರೆ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬೇಕಿಲ್ಲ ಎಂದು ಅದೇ 2018ರ ನಿಯಮಾವಳಿ ಹೇಳುತ್ತದೆ. ಇದನ್ನು ತಿಳಿಯದೆ ಅರ್ಜಿಯನ್ನೇ ಹಾಕದವರನ್ನು ಕಂಡಿದ್ದೇನೆ. ನಿಮ್ಮ ವಿಶ್ವವಿದ್ಯಾಲಯ ಯಾವ ವರ್ಷದ ಪಟ್ಟಿಯಲ್ಲಿ ಎಷ್ಟನೆಯದಾಗಿತ್ತು ಎಂಬುದನ್ನು ಮುದ್ರಿಸಿ ಅರ್ಜಿಗೆ ಲಗತ್ತಿಸಿ.

ಮರಳಿ ಬಂದ ಹಿರಿಯರ ಉದಾಹರಣೆ ಕೊಟ್ಟು ಹುರಿದುಂಬಿಸುವವರು ನಿಮಗೂ ಸಿಕ್ಕಿರುತ್ತಾರೆ. ಅವರ ಬದುಕಿನ ವಿವರಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕೆಂಬುದು ನನ್ನ ಅಭಿಪ್ರಾಯ. ಮೈಸೂರಿನ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡ್‌ನ ಅಧ್ಯಾಪಕ ಹುದ್ದೆಯನ್ನು ಬಿಟ್ಟು 1951ರಲ್ಲಿ ಬರೋಡಕ್ಕೆ ಬಂದದ್ದು ಸಮಾಜಶಾಸ್ತ್ರ ವಿಭಾಗವನ್ನೇ ಕಟ್ಟುವ ಹೊಣೆಯೊಂದಿಗೆ. 1959ರಲ್ಲಿ ದೆಹಲಿಗೆ ಹೋದದ್ದೂ ಅಂಥದೇ ಹೊಣೆಗೆ. ಜೀವವಿಜ್ಞಾನಿ ಒಬೈದ್ ಸಿದ್ದಿಕಿ 1962ರಲ್ಲಿ ಅಮೆರಿಕದಿಂದ ಮುಂಬೈಗೆ ಮರಳಿದಾಗ ಹೋಮಿ ಭಾಭಾ ಅವರಿಗಾಗಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿ.ಐ.ಎಫ್.ಆರ್.) ಅಣುಜೀವವಿಜ್ಞಾನದ ಘಟಕವನ್ನೇ ಆರಂಭಿಸಿದರು, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್.ಸಿ.ಬಿ.ಎಸ್.) ಮೂಡಿದ್ದು ಅದೇ ಬೇರಿನಿಂದ. ನಿಮ್ಮದೇ ಕ್ಷೇತ್ರದ ಸಿ.ಎನ್.ಆರ್. ರಾವ್ 1959ರಲ್ಲಿ ಐ.ಐ.ಎಸ್ಸಿ.ಯಲ್ಲಿ ಉಪನ್ಯಾಸಕರಾಗಿ ಸೇರಿ, 1963ರಲ್ಲಿ ಹೊಸದಾಗಿ ಹುಟ್ಟಿದ್ದ ಕಾನ್ಪುರದ ಐ.ಐ.ಟಿ.ಗೆ ಹೊರಟರು, ಮತ್ತೆ 1976ರಲ್ಲಿ ಬೆಂಗಳೂರಿಗೆ ಬಂದದ್ದು ಘನಸ್ಥಿತಿ ರಸಾಯನಶಾಸ್ತ್ರದ ಪ್ರತ್ಯೇಕ ಘಟಕ ಕಟ್ಟುವುದಕ್ಕಾಗಿ. ಇವರ ಪ್ರತಿಭೆ ಪ್ರಶ್ನಾತೀತ. ಆದರೆ ಇವರ ಹಿಂದೆ ಒಂದು ಸಂಸ್ಥೆಯ ಸಂಕಲ್ಪವೂ ನಿಂತಿತ್ತು. ಇಂದು ಮರಳುವವರಿಗೆ ಕೇವಲ ಫೆಲೋಶಿಪ್‌ನ ಪತ್ರ ಕೊಟ್ಟು ಅವರ ಸಾಧನೆಯನ್ನೇ ನಿರೀಕ್ಷಿಸುವುದು ಸರಿಯಲ್ಲ.

ಹೆಣ್ಣುಮಕ್ಕಳಿಗೆ ಇನ್ನೊಂದು ಹೆಸರು ನೆನಪಿಸಬೇಕು. ರಾಜೇಶ್ವರಿ ಚಟರ್ಜಿ ಮಿಷಿಗನ್‌ನಲ್ಲಿ ಪಿಎಚ್.ಡಿ. ಮುಗಿಸಿ 1953ರಲ್ಲಿ ಐ.ಐ.ಎಸ್ಸಿ.ಗೆ ಮರಳಿ, ಪತಿಯ ಜೊತೆ ಸೇರಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು. ದಂಪತಿ ಇಬ್ಬರಿಗೂ ಒಂದೇ ಸಂಸ್ಥೆಯಲ್ಲಿ ಸ್ಥಾನ ದೊರೆತದ್ದು ಅಂದೂ ಅಪರೂಪ, ಇಂದೂ ಅಪರೂಪ. ನಿಮ್ಮ ಯಜಮಾನರ ಕೆಲಸ ಬೆಂಗಳೂರಿನಲ್ಲಿ, ನಿಮ್ಮ ಹುದ್ದೆ ಬೇರೆ ರಾಜ್ಯದ ಐ.ಐ.ಟಿ.ಯಲ್ಲಿ ಎಂದಾದರೆ ಮಗುವಿನ ಜವಾಬ್ದಾರಿ ಯಾರ ಮೇಲೆ ಬೀಳುತ್ತದೆಂದು ಹೊರಡುವ ಮುಂಚೆಯೇ ಕುಳಿತು ಮಾತನಾಡಿ.

ಉತ್ತರ – ಮತ್ತೆ ಹೊರಟವನು

ನಾನು ಮರಳಿ ಬಂದು, ನಾಲ್ಕು ವರ್ಷ ಕೆಲಸ ಮಾಡಿ, ಈಗ ಸಿಂಗಪುರದಲ್ಲಿದ್ದೇನೆ. ಕಾರಣಗಳನ್ನು ಬಯಲುಸೀಮೆಯವರು ಆಗಲೇ ಬರೆದಿದ್ದಾರೆ. ಒಂದು ವಿಷಯ ಮಾತ್ರ ಸೇರಿಸುತ್ತೇನೆ.

ಜರ್ಮನಿಯ ವಾಸದ ಪರವಾನಗಿ ಸಾಮಾನ್ಯವಾಗಿ ಆರು ತಿಂಗಳು ದೇಶದ ಹೊರಗಿದ್ದರೆ ರದ್ದಾಗುತ್ತದೆ, ಉನ್ನತ ಅರ್ಹತೆಯ ವಿದೇಶಿ ಉದ್ಯೋಗಿಗಳಿಗೆ ಕೊಡುವ ಬ್ಲೂ ಕಾರ್ಡ್ ಆದರೆ ಹನ್ನೆರಡು ತಿಂಗಳು. 2024ರ ಜೂನ್‌ನಿಂದ ಆ ದೇಶ ಬಹುಪೌರತ್ವವನ್ನು ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಅಲ್ಲಿನ ಪೌರತ್ವ ಪಡೆದು ಒ.ಸಿ.ಐ. (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್‌ನೊಂದಿಗೆ ಬಂದರೆ ಸರ್ಕಾರಿ ಉದ್ಯೋಗದಲ್ಲಿ ಭಾರತೀಯ ನಾಗರಿಕರಿಗಿರುವ ಹಕ್ಕು ನಿಮಗಿರುವುದಿಲ್ಲ. ಪೌರತ್ವ ಕಾಯ್ದೆಯಲ್ಲಿಯೇ ಅದು ಸ್ಪಷ್ಟವಾಗಿದೆ. ಕಾಯಂ ಹುದ್ದೆಯ ಆಸೆಯಿದ್ದರೆ ಪಾಸ್‌ಪೋರ್ಟ್ ಬದಲಿಸುವ ಮುನ್ನ ಚೆನ್ನಾಗಿ ಯೋಚಿಸಿ.

ಪ್ರಶ್ನೆ ಕೇಳಿದವರ ಮರುಮಾತು – ತುಂಗಾತೀರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪೌರತ್ವಕ್ಕೆ ಅರ್ಜಿ ಹಾಕುವ ವಿಚಾರ ಮನೆಯಲ್ಲಿ ನಡೆದಿತ್ತು, ಅದನ್ನು ಸದ್ಯ ಬದಿಗಿಡುತ್ತೇವೆ. ಭೀಮೆಯ ದಡದ ಸರ್ ಬರೆದದ್ದನ್ನು ಎರಡು ಸಲ ಓದಿದೆ, ನಾನೂ ಪಿ.ಯು.ಸಿ.ಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದವಳು.

ಬಯಲುಸೀಮೆ ಸರ್, ಒಂದು ಸಂಸ್ಥೆಯವರು ರಾಮಾನುಜನ್ ಫೆಲೋಶಿಪ್‌ಗೆ ಆತಿಥೇಯ ಪತ್ರ ಕೊಡಲು ಸಿದ್ಧರಿದ್ದಾರೆ. ಕಾಯಂ ಹುದ್ದೆಯ ಜಾಹೀರಾತಿಗೆ ಕಾಯಬೇಕೇ, ಇದನ್ನು ಒಪ್ಪಬೇಕೇ? ಒಪ್ಪುವುದಾದರೆ ಅವರನ್ನು ಏನೇನು ಕೇಳಬೇಕು?

ಉತ್ತರ – ಬಯಲುಸೀಮೆ

ಎರಡನ್ನೂ ಮಾಡಿ. ಅನೇಕ ಐ.ಐ.ಟಿ.ಗಳು ಹಾಗೂ ಐಸರ್‌ಗಳು (ಕೇಂದ್ರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು) ವರ್ಷವಿಡೀ ಅರ್ಜಿ ಸ್ವೀಕರಿಸುತ್ತವೆ. ಫೆಲೋಶಿಪ್ ಅರ್ಜಿ ಅದಕ್ಕೆ ಅಡ್ಡಿಯಲ್ಲ. ರಾಮಾನುಜನ್‌ಗೆ ಅರ್ಜಿ ಹಾಕುವಾಗ ನೀವು ಹೊರದೇಶದಲ್ಲಿ ಕೆಲಸದಲ್ಲಿರಬೇಕು, ವಯಸ್ಸು 40ರೊಳಗಿರಬೇಕು. ಮೊದಲು ಊರಿಗೆ ಬಂದು ಆಮೇಲೆ ಅರ್ಜಿ ಹಾಕೋಣ ಎಂದುಕೊಳ್ಳಬೇಡಿ. ಈ ಫೆಲೋಶಿಪ್ ಕೊಡುತ್ತಿದ್ದ ಎಸ್.ಇ.ಆರ್.ಬಿ. ಈಗ ಎ.ಎನ್.ಆರ್.ಎಫ್. ಎಂಬ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ವಿಲೀನವಾಗಿರುವುದರಿಂದ ಸದ್ಯದ ಮೊತ್ತ ಮತ್ತು ಷರತ್ತುಗಳನ್ನು ಅವರ ಜಾಲತಾಣದಲ್ಲಿಯೇ ನೋಡಿ.

ಆತಿಥೇಯ ಸಂಸ್ಥೆಯನ್ನು ಇ-ಮೇಲ್‌ನಲ್ಲಿ ಕೇಳಿ, ಉತ್ತರವೂ ಇ-ಮೇಲ್‌ನಲ್ಲಿಯೇ ಬರಲಿ. ಪಿಎಚ್.ಡಿ. ವಿದ್ಯಾರ್ಥಿಗಳನ್ನು ನನ್ನ ಹೆಸರಿನಲ್ಲಿ ತೆಗೆದುಕೊಳ್ಳಬಹುದೇ, ಮೊದಲ ವರ್ಷದಿಂದಲೇ ಸಾಧ್ಯವೇ? ಕೊಠಡಿ ಯಾವುದು, ಅದರಲ್ಲಿ ಫ್ಯೂಮ್ ಹುಡ್, ಆರ್ಗಾನ್ ಕೊಳವೆ, ಯು.ಪಿ.ಎಸ್. ಇವೆಯೇ? ವಿಭಾಗದ ಎಕ್ಸ್-ರೇ ಡಿಫ್ರಾಕ್ಷನ್ ಉಪಕರಣದಲ್ಲಿ ಹೊಸಬರಿಗೆ ವಾರಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಸಂಸ್ಥೆಯಿಂದ ಆರಂಭಿಕ ಅನುದಾನ ಎಷ್ಟು? ಎಲ್ಲಕ್ಕಿಂತ ಮುಖ್ಯವಾಗಿ, ಹಿಂದೆ ಅವರಲ್ಲಿಗೆ ಫೆಲೋಶಿಪ್‌ನಲ್ಲಿ ಬಂದವರು ಈಗ ಎಲ್ಲಿದ್ದಾರೆ? ಈ ಕೊನೆಯ ಪ್ರಶ್ನೆಯನ್ನು ನಿರ್ದೇಶಕರಿಗೆ ಕೇಳಿ, ಆಮೇಲೆ ಆ ಫೆಲೋಗಳನ್ನೇ ಹುಡುಕಿ ನೇರವಾಗಿ ಫೋನಿನಲ್ಲಿ ಮಾತನಾಡಿ. ಎರಡು ಉತ್ತರಗಳೂ ತಾಳೆಯಾದರೆ ಒಪ್ಪಿಕೊಳ್ಳಬಹುದು.

ದುಡ್ಡಿನ ಬಗ್ಗೆಯೂ ಒಂದು ಮಾತು. ಹಿಂದಿನ ಹತ್ತು ಆರ್ಥಿಕ ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ ಏಳು ವರ್ಷಗಳಲ್ಲಿ ಭಾರತದಲ್ಲಿದ್ದದ್ದು ಒಟ್ಟು 729 ದಿನಗಳನ್ನು ಮೀರದಿದ್ದರೆ, ಬಂದ ಮೇಲೆ ಕೆಲವು ಕಾಲ ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಎಂಬ ವರ್ಗದಲ್ಲಿರುತ್ತೀರಿ. ಆ ಅವಧಿಯಲ್ಲಿ ಜರ್ಮನಿಯ ಉಳಿತಾಯಕ್ಕೆ ಅಲ್ಲಿಯೇ ಬರುವ ಬಡ್ಡಿಗೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಯಾವ ತಿಂಗಳು ವಿಮಾನ ಹತ್ತುತ್ತೀರಿ ಎಂಬುದರ ಮೇಲೆ ಈ ಲೆಕ್ಕ ಒಂದು ವರ್ಷ ಆಚೀಚೆ ಆಗಬಹುದು. ಟಿಕೆಟ್ ಮಾಡಿಸುವ ಮೊದಲು ಲೆಕ್ಕಪರಿಶೋಧಕರೊಬ್ಬರಿಗೆ ನಿಮ್ಮಿಬ್ಬರ ಪಾಸ್‌ಪೋರ್ಟ್‌ಗಳ ಪ್ರವೇಶ-ನಿರ್ಗಮನದ ಮುದ್ರೆಗಳನ್ನು ತೋರಿಸಿ.